ಪ್ಯಾನ್ಸಿಗೆ ತೊಗರಿ ಕಟ್ಟಿಗೆಯ ನೆರಳು

ವಾಸನೆಯಿಲ್ಲದ್ದನ್ನು ಹೂವೆಂದು ಕರೆಯಲು ಶ್ರೀಶೈಲ ಮಾಸ್ತರರಿಗೆ ಮನಸ್ಸಿರಲಿಲ್ಲ. ಇಂಡಿ ಪಟ್ಟಣದ ಅವರ ಓಣಿಯ ಮೂಲೆಯಲ್ಲಿ ಪ್ಯಾನ್ಸಿಗಳು ನೇರಳೆ, ಹಳದಿ ಮೋರೆ ಮಾಡಿಕೊಂಡು ನಿಂತಿದ್ದವು. ಜನ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುವುದನ್ನು ಕಂಡು, ನಲವತ್ತೈದರ ಆ ಒಂಟಿ ಗಣಿತ ಶಿಕ್ಷಕರು ದಿನವೂ ಮೂಗು ಮುರಿಯುತ್ತಿದ್ದರು.

ಸಸಿ ತಂದು ನೆಟ್ಟವಳು ಎದುರುಮನೆಯಲ್ಲಿ ಒಬ್ಬಳೇ ಇದ್ದ ರಾಜೇಶ್ವರಿ, ಅಂಚೆ ಕಚೇರಿಯಲ್ಲಿ ಕೆಲಸ. ಸಂಜೆ ಆಕೆ ನೀರು ಹಾಕುವಾಗ ಮಾಸ್ತರರು ತಪ್ಪದೆ ಹೀಯಾಳಿಸಲು ಬರುತ್ತಿದ್ದರು.

“ಮುಡಿಯಾಕ ಬರೂದಿಲ್ಲ, ದೇವರಿಗೆ ಏರಿಸಾಕ ಬರೂದಿಲ್ಲ. ಹಿಂದಿನ ಓಣಿ ರೇಣವ್ವ ಒಂದು ಕಿತ್ತು ಮುಡಕೊಂಡ್ಳು, ಮನಿ ಮುಟ್ಟೂದ್ರಾಗ ಬಾಡಿತು. ಹೋಳಿ ಹುಣ್ಣಿವಿಗೆ ಒಂದೂ ಉಳಿಯೂದಿಲ್ಲ, ಬರದಿಟ್ಕೋರಿ ಮೇಡಮ್.”

“ನಿಮ್ಮ ಲೆಕ್ಕ ಎಂದ ತಪ್ಪೈತ್ರಿ ಸರ್?” ಆಕೆಯ ಓರೆನೋಟ ಒಂದು ಗಳಿಗೆ ಅವರ ಮೇಲೆ ನಿಂತಿತು. “ನನಗ ಬಡ್ತಿ ಬಂದೈತಿ, ಮುದ್ದೇಬಿಹಾಳಕ್ಕ. ಸೋಮವಾರ ಹೂಂ ಇಲ್ಲಾ ಊಹೂಂ ಬರದು ಕೊಡಬೇಕು. ನೀವೇನಂತೀರಿ?”

ಆಕೆ ಹೋದರೆ ತಮ್ಮ ಸಂಜೆಗಳಲ್ಲಿ ಶೇಷವೇನೂ ಉಳಿಯದೆಂಬುದು ಅವರಿಗೆ ಥಟ್ಟನೆ ಹೊಳೆಯಿತು. ಬಾಯಿಗೆ ಬಂದದ್ದು ಬೇರೆ.

“ಅಲ್ಲಿ ಬಿಸಲಿಗೆ ಇವು ಇನ್ನೂ ಲಗೂನ ಸಾಯ್ತಾವು.”

ಆಕೆ ನಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾನುವಾರ ಬೆಳಕು ಹರಿಯುವಾಗ ಪ್ಯಾನ್ಸಿಗಳ ಪಡುವಣ ಬದಿಗೆ ತೊಗರಿ ಕಟ್ಟಿಗೆಗಳು ಓರೆಯಾಗಿ ಎದ್ದು ನಿಂತಿದ್ದವು. ಗೇಣು ಗೇಣಿಗೊಂದು, ಬೆರಳಿನಷ್ಟೂ ವ್ಯತ್ಯಾಸವಿಲ್ಲದೆ. ಮಾಸ್ತರರು ತಮ್ಮ ಮನೆಯ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕುಳಿತಿದ್ದರು.

“ಹಿಂಗ ನೆಳ್ಳ ಮಾಡೂದು ಎಳಿ ಲಿಂಬಿ ಸಸಿಗೆ,” ಎಂದಳು ರಾಜೇಶ್ವರಿ, ಹತ್ತಿರ ಬಂದು. “ಈ ಓಣ್ಯಾಗ ಲಿಂಬಿ ತೋಟ ಇದ್ದಾವ್ರು ನೀವೊಬ್ಬರ. ಸಾಯೂ ಹೂವಿಗೆ ಇಷ್ಟ್ಯಾಕ ದಗದ?”

“ಇವಕ್ಕ ಕವಡಿ ಕಿಮ್ಮತ್ತಿಲ್ಲ.” ಪತ್ರಿಕೆ ಕೆಳಗಿಳಿಯಲಿಲ್ಲ, ದನಿ ಇಳಿಯಿತು. “ಇವು ಇರೂತನಾ ನೀವು ಸಂಜೀಕ ಹೊರಗ ಬರ್ತೀರಿ. ಅದಕ್ಕ.”

“ಹೋಳಿ ಆದಮ್ಯಾಲ?”

“ಆಮ್ಯಾಲ ನಮ್ಮ ಮನಿಯೊಳಗಿಂದ ಹೊರಗ ಬರ್ರಿ.”

ರಾಜೇಶ್ವರಿಯ ಕಿವಿಗಳು ಕೆಂಪಗಾದವು.

“ಹಂಗಾರ ಮನಿ ಮುದ್ದೇಬಿಹಾಳದಾಗ ಮಾಡ್ರಿ. ನಾ ಹೂಂ ಅಂತನ ಬರಿಯಾಕಿ. ಲೆಕ್ಕಾ ಕಲಿಸೂ ಸಾಲಿ ಅಲ್ಲೂ ಅದಾವು.”

“ಅಲ್ಲಿ ಬಿಸಲ ಭಾಳ.”

“ತೊಗರಿ ಕಟ್ಟಿಗಿ ಹೊತ್ಕೊಂಡು ಬರ್ರಿ.”

ಮಾಸ್ತರರು ಪತ್ರಿಕೆ ಮಡಿಸಿದರು. “ಎಷ್ಟ ಹೊರಿ ಬೇಕು, ಲೆಕ್ಕಾ ಹಾಕ್ತೇನಿ.”

ಆಕೆ ದೊಡ್ಡದೊಂದು ನೇರಳೆ ಪ್ಯಾನ್ಸಿ ಕಿತ್ತು, ಅವರ ಅಂಗಿಯ ಕಿಸೆಯಲ್ಲಿ, ಕೆಂಪು ಶಾಯಿಯ ಪೆನ್ನಿನ ಪಕ್ಕಕ್ಕಿಟ್ಟಳು. ವಾಸನೆಯಿರಲಿಲ್ಲ, ಮಧ್ಯಾಹ್ನದೊಳಗೆ ಬಾಡಿಯೂ ಬಾಡಿತು. ಮಾಸ್ತರರು ಅಂದು ಅಂಗಿ ಬದಲಿಸಲಿಲ್ಲ.