ಪೂನಮ್ ಹೆಸರಿನ ಪಾಸ್‌ವರ್ಡ್

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯ ಎದುರಿಗೇ ಹಾಸ್ಟೆಲ್ ಮುಖ್ಯಸ್ಥ ಗುರುನಾಥ ಸರ್ ಹೇಳಿಬಿಟ್ಟಿದ್ದರು: "ಅನ್ನಪೂರ್ಣಕ್ಕಾ, ಇನ್ನ ಮುಂದ ಹಾಸ್ಟೆಲ್ ನೆಟ್‌ವರ್ಕ್ ಪೂನಮ್ ನೋಡ್ತಾರ. ನೀವು ಆರಾಮ್ ಇರ್ರಿ."

ಆ 'ಆರಾಮ್' ಕೆನ್ನೆಗೆ ಬಾರಿಸಿದಂತಿತ್ತು. ಕಿತ್ತೂರಿನ ಹೊರಗಿನ ಈ ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲ್‌ಗೆ ಮಹಡಿ ಮಹಡಿಗೂ ಕೇಬಲ್ ಎಳೆಸಿದವಳು ಅನ್ನಪೂರ್ಣಾ. ಮಂಗಗಳು ಕಿತ್ತಾಗೆಲ್ಲ ಸೆರಗು ಸಿಕ್ಕಿಸಿಕೊಂಡು ತಾರಸಿ ಹತ್ತಿದವಳೂ ಅವಳೇ. ಪೂನಮ್‌ಗೆ ಇದ್ದದ್ದು ಒಂದು ಇಂಜಿನಿಯರಿಂಗ್ ಪದವಿ.

ಉಪಾಯ ಸರಳವಾಗಿತ್ತು. ಪೂನಮ್ ಹೆಸರಿಗೆ ಖಾತೆ ತೆರೆದು ಪಾಸ್‌ವರ್ಡ್ ಮಾಡಿ, ಅವಳಿಗೆ ಕೊಡಲು ಸರ್ ಫೋನಿಗೆ ಕಳಿಸಿದ್ದು ಅನ್ನಪೂರ್ಣಾಳೇ. ವಾರ ಕಳೆದ ಮೇಲೆ ಸುಮ್ಮನೆ ಹಾಕಿ ನೋಡಿದಳು. ತೆರೆಯಿತು. ಕೊಟ್ಟ ಪಾಸ್‌ವರ್ಡನ್ನು ಬದಲಿಸುವಷ್ಟೂ ಎಚ್ಚರವಿಲ್ಲದ ಹುಡುಗಿ! ಇನ್ನು ಯಾವ ಭಯವೂ ಉಳಿಯಲಿಲ್ಲ. ಪರೀಕ್ಷೆಯ ದಿನ ಪೂನಮ್ ಹೆಸರಿನಿಂದಲೇ ಎಲ್ಲವನ್ನೂ ಬಂದ್ ಮಾಡುವುದು. ಸರ್ ಓಡಿ ಬಂದಾಗ ತಾನೇ ಸರಿಪಡಿಸಿ, ತಪ್ಪು ಯಾರದೆಂದು ತೋರಿಸುವುದು.

ಮೊದಲ ವರ್ಷದವರಿಗೆ ಆನ್‌ಲೈನ್ ಪರೀಕ್ಷೆ ನಡೆಯುತ್ತಿದ್ದಾಗ ಅವಳು ಗುಂಡಿ ಒತ್ತಿದಳು. ಮೂರೂ ಮಹಡಿಗಳಿಂದ ಒಮ್ಮೆಲೇ ಗದ್ದಲ ಎದ್ದಿತು.

ಪೂನಮ್ ಏದುಸಿರು ಬಿಡುತ್ತ ಬಂದಳು. "ಅಕ್ಕಾರ, ಏನಾತ್ರಿ ಇದು?"

"ನನ್ನೇನ್ ಕೇಳ್ತೀಯವಾ? ನನಗ ಆರಾಮ್ ಇರು ಅಂದಾರಲ್ಲ."

ಹುಡುಗಿಯ ಮುಖ ಸಣ್ಣದಾಯಿತು. ಮಂಗನ ಕೆಲಸವಿರಬೇಕೆಂದು ತಾರಸಿಗೆ ಓಡಿದಳು. ಕಂಪ್ಯೂಟರಿನತ್ತ ಕಣ್ಣೂ ಹಾಯಿಸಲಿಲ್ಲ. ಇವಳಿಗೇ ಇನ್‌ಚಾರ್ಜ್ ಕೊಟ್ಟರಲ್ಲ ಎಂದು ಅನ್ನಪೂರ್ಣಾ ಒಳಗೊಳಗೇ ನಕ್ಕಳು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಪರೀಕ್ಷೆ ಬರೆಯುತ್ತಿದ್ದ ಮನೋಳಿಯ ಹುಡುಗಿ ಸ್ನೇಹಲ್ ಅಳುತ್ತ ಬಂದು ಕೈ ಹಿಡಿದುಕೊಂಡಳು. "ಅರ್ಧಾ ಬರದಿದ್ನಿರಿ ಅಕ್ಕಾರ, ಎಲ್ಲಾ ಹೋತು. ನೀವಽ ಏನಾರ ಮಾಡ್ರಿ. ನಿಮಗಽ ಎಲ್ಲಾ ಗೊತ್ತೈತಿ."

"ಅಳಬ್ಯಾಡವಾ, ಮಾಡ್ತೇನಿ," ಎಂದಳು ಅನ್ನಪೂರ್ಣಾ. ಒಂದು ಸಲ ಒತ್ತಿದ್ದರೆ ಸಾಕಿತ್ತು. ಆದರೆ ಸರ್ ಇನ್ನೂ ಬಂದಿರಲಿಲ್ಲ. ಆ ಬಿಸಿ ಅಂಗೈಯಿಂದ ತನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನೊಳಗೆ ಮುಚ್ಚಿಕೊಂಡಳು. ಹುಡುಗಿಯ ಮುಖ ನೋಡಲಾಗಲಿಲ್ಲ.

ಬೈಲಹೊಂಗಲದ ಮೀಟಿಂಗ್ ಬಿಟ್ಟು ಗುರುನಾಥ ಸರ್ ಬಂದರು. ಅನ್ನಪೂರ್ಣಾ ಅವರೆದುರಿಗೇ ನೆಟ್‌ವರ್ಕ್ ಚಾಲೂ ಮಾಡಿದಳು. ಆಮೇಲೆ ಪರದೆಯನ್ನು ಅವರತ್ತ ತಿರುಗಿಸಿದಳು. "ನಾ ಯಾರ ಮ್ಯಾಲೂ ಹೇಳಾಂಗಿಲ್ರಿ ಸರ್. ಯಾರ ಹೆಸರಿನಿಂದ ಬಂದ್ ಆಗೇತಿ, ನೀವಽ ಓದ್ಕೋರಿ."

ಸರ್ ಓದಿದರು. ತಾರಸಿಯಿಂದ ಇಳಿದು ಬಂದ ಪೂನಮ್ ಧೂಳು ಮೆತ್ತಿದ ಕೈಗಳಲ್ಲೇ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿ, ಮತ್ತೆ ಅನ್ನಪೂರ್ಣಾಳತ್ತ ತಿರುಗಿದ ಸರ್ ಧ್ವನಿ ತಗ್ಗಿಸಿದರು. "ಅಕ್ಕಾ, ಈಕಿಗೆ ಕೊಡ್ರಿ ಅಂತ ನೀವು ಕಳಿಸಿದ ಪಾಸ್‌ವರ್ಡ್ ನನ್ನ ಫೋನಿನಾಗಽ ಐತ್ರಿ. ಈಕಿ ತಗೊಂಡಽ ಇಲ್ಲ. 'ಇದನ್ನ ಕಟ್ಟಿದವರು ಅಕ್ಕಾರು, ಅಮಾಸಿ ದಾಟಲಿ, ಅವರ ಬಾಯಿಂದಽ ಕೇಳಿ ತಗೋತೇನಿ' ಅಂದಿದ್ಲು."