ಕಾಗದದ ರೆಕ್ಕೆಗಳು

ಬೆಳಗಾದಾಗ ಫರ್ಮೀನನ ಹೆಂಡದಂಗಡಿಯ ಮೇಜಿನ ಮೇಲೆ ಸತ್ತ ಕೂಸು ಇರಲಿಲ್ಲ. ಅವನು ನೇರ ನನ್ನ ಅತ್ತೆ ದೋನ್ಯಾ ತ್ರಾನ್ಸಿತೊ ಅವರ ಬಳಿಗೆ ಓಡಿ ಬಂದ. ಊರಿನಲ್ಲಿ ಏನು ಕಾಣೆಯಾದರೂ ಹುಡುಕಿಕೊಡುತ್ತಿದ್ದವರು ಅವರೇ, ಅದಕ್ಕೇ ಎಲ್ಲರೂ ಗೌರವದಿಂದ ದೋನ್ಯಾ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ನಾನು ಅತ್ತೆಯ ಹಿಂದೆಯೇ ಇರುತ್ತಿದ್ದೆ. ನಾನು ಅತ್ತಿರಲಿಲ್ಲ, ಜನ ಗಟ್ಟಿಗಿತ್ತಿ ಎನ್ನುತ್ತಿದ್ದರು.

ನಮ್ಮ ಕಣಿವೆಯಲ್ಲಿ ದೀಕ್ಷಾಸ್ನಾನವಾದ ಕೂಸು ಸತ್ತರೆ ದೇವದೂತ. ಕಾಗದದ ರೆಕ್ಕೆ ಕಟ್ಟಿ ಕೂರಿಸಿ, ಸುತ್ತ ಹಾಡಿ ಕುಡಿಯುತ್ತಾರೆ. ತಾಯಿ ಅಳಬಾರದು, ರೆಕ್ಕೆ ನೆನೆದರೆ ಕೂಸು ಮೇಲೇರಲಾರದು. ಈ ಕೂಸು ಅಂಗಡಿಯಲ್ಲಿ ಕೆಲಸಕ್ಕಿದ್ದ ಹಸಿಂತಾಳದು; ದೀಕ್ಷಾಸ್ನಾನದಲ್ಲಿ ಅದನ್ನು ಎತ್ತಿ ಹಿಡಿದ ಜ್ಞಾನತಂದೆ ಫರ್ಮೀನ. ಆ ಹಕ್ಕಿನಿಂದ ಕೂಸನ್ನು ಹೂಳಲು ಬಿಡದೆ ದಿನವೂ ಗಿರಾಕಿ ಸೇರಿಸುತ್ತಿದ್ದ.

ಎದುರಂಗಡಿಯ ಲಿಸಾರ್ದೊ ಒಂದು ಸಂಜೆಗೆ ಕೂಸನ್ನು ಎರವಲು ಕೇಳಿ ಬೈಸಿಕೊಂಡಿದ್ದ. ಹಾಗಾಗಿ ಕಳ್ಳ ಅವನೇ ಎಂದು ನ್ಯಾಯಾಧಿಕಾರಿ ಅವನನ್ನು ಕಂಬಕ್ಕೆ ಕಟ್ಟಿಸಿದ್ದರು, ಮಧ್ಯಾಹ್ನಕ್ಕೆ ಛಡಿಯೇಟು.

ಮೇಜಿನ ಮೇಲೆ ರೆಕ್ಕೆಗಳು ಮಾತ್ರ ಉಳಿದಿದ್ದವು. ದಾರ ಹರಿದಿರಲಿಲ್ಲ, ಗಂಟನ್ನು ನಿಧಾನವಾಗಿ ಬಿಚ್ಚಲಾಗಿತ್ತು. ಹಸಿಂತಾ ಮೂಲೆಯಲ್ಲಿ ಲೋಟ ಒರೆಸುತ್ತಿದ್ದಳು. ಮಳೆಯಿಲ್ಲದ ದಿನ ಅವಳ ಶಾಲಿನ ಎದೆಭಾಗ ಒದ್ದೆಯಾಗಿತ್ತು, ಲಂಗಕ್ಕೆ ಮಂಡಿಯ ಬಳಿ ಒಣಹುಲ್ಲು ಅಂಟಿತ್ತು.

ಅತ್ತೆ ಎಲ್ಲರನ್ನೂ ಮೇಜಿನ ಸುತ್ತ ಕರೆಸಿ, ಕೈ ಕಟ್ಟಿದ್ದಂತೆಯೇ ಕಂಬದಿಂದ ಕರೆತಂದ ಲಿಸಾರ್ದೊನನ್ನು ಕೇಳಿದರು, "ನೀನೇ ಕದ್ದಿದ್ರೆ ಏನ್ ಮಾಡ್ತಿದ್ದೆ?"

"ನನ್ನಂಗಡೀಲಿ ಕೂರಿಸ್ತಿದ್ದೆ, ದೋನ್ಯಾ. ಇವನ ಹುಳಿ ಹೆಂಡ ಇವನೇ ಕುಡೀಲಿ ಅಂತ."

"ರೆಕ್ಕೆ ಇಲ್ದೇನಾ?"

"ರೆಕ್ಕೆ ಇಲ್ದಿದ್ರೆ ಯಾವೋನು ಬರ್ತಾನೆ?"

ಅತ್ತೆ ನ್ಯಾಯಾಧಿಕಾರಿಯ ಕಡೆ ತಿರುಗಿದರು. ವ್ಯಾಪಾರಕ್ಕೆ ಕದ್ದವನು ರೆಕ್ಕೆ ಬಿಟ್ಟು ಹೋಗುವುದಿಲ್ಲ, ಅವಸರದ ಕಳ್ಳ ಗಂಟು ಬಿಚ್ಚುತ್ತ ಕೂರುವುದಿಲ್ಲ ಎಂದರು. ರೆಕ್ಕೆ ನೆನೆಯಬಾರದೆಂದು ತೆಗೆದಿಟ್ಟವರು ಅಳಲು ಹೊರಟವರು. ಶಾಲು ಒದ್ದೆಯಾದದ್ದು ಅದಕ್ಕೇ. ಹುಲ್ಲು ಇರುವುದು ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಮಾತ್ರ.

ಹಸಿಂತಾ ಲೋಟ ಕೆಳಗಿಟ್ಟಳು.

ಲಿಸಾರ್ದೊನ ಕಟ್ಟು ಬಿಚ್ಚಿದರು. ಸಂಜೆ ಜನ ಬರ್ತಾರೆ, ಕೂಸು ತರಿಸಿ ಎಂದು ಫರ್ಮೀನ ಗೊಣಗಿದ. ತಾಯಿ ಮಗುವನ್ನು ಹೆತ್ತದ್ದು ಹೆಂಡ ಮಾರಲಿಕ್ಕಲ್ಲ ಎಂದು ಅತ್ತೆ ಹೇಳಿದರು. ಇವತ್ತೇ ಹೂಳಬೇಕೆಂದು ನ್ಯಾಯಾಧಿಕಾರಿ ಅಪ್ಪಣೆ ಕೊಟ್ಟರು.

ಹಸಿಂತಾ ಅತ್ತೆಯ ತೋಳು ಹಿಡಿದಳು. "ದೋನ್ಯಾ, ನಾನು ಅತ್ಬಿಟ್ಟೆ. ಅವನು ಹೋಗ್ತಾನಾ?"

"ರೆಕ್ಕೆ ನೋಡೇ. ಒಂದು ಹನೀನೂ ಬಿದ್ದಿಲ್ಲ. ಮಣ್ಣು ಮಾಡೋ ಮುಂಚೆ ಕಟ್ಟಿದ್ರಾಯ್ತು. ಅಲ್ಲೀವರ್ಗೂ ಅತ್ಕೋ, ಮಗಳೇ."

ಹಸಿಂತಾಳ ಹಿಂದೆ ಕೊಟ್ಟಿಗೆಯ ಬಾಗಿಲು ಮುಚ್ಚಿತು. ಅತ್ತೆ ರೆಕ್ಕೆಗಳನ್ನು ನನ್ನ ಕೈಗಿತ್ತು ಹೊರಗೆ ನಿಲ್ಲಿಸಿದರು. ಒಳಗಿನಿಂದ ಅವಳ ದನಿ ಕೇಳತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ನಾನು ರೆಕ್ಕೆಗಳನ್ನು ನನ್ನ ಮುಖದಿಂದ ದೂರ ಹಿಡಿಯಬೇಕಾಯಿತು.