ನಲವತ್ತೊಂದು ಫರ್ನೇಸ್

ಮೇಲೆ ಯಾರೋ ಬಾಗಿಲ ಚಿಲಕ ಜಡಿದರು.

ನಾನು ಕೆಳಗೆ ನೆಲಮಾಳಿಗೆಯಲ್ಲಿದ್ದೆ. ಕೈಯಲ್ಲಿ ಟಾರ್ಚು. ಎದುರಿಗೆ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್.

"ಯಾರದು?" ಎಂದು ಕೂಗಿದೆ.

"ನಿನ್ನ ಹಿತೈಷಿ ಕಣೋ ಪ್ರುಯಿಟ್! ಕೆಳಗೆ ಚಳಿ ಅಲ್ವಾ? ಸ್ವಲ್ಪ ಬಿಸಿ ಜಾಸ್ತಿ ಮಾಡ್ತೀನಿ, ಇರು."

ಆ ದನಿ ನನಗೆ ಗೊತ್ತು. ಡ್ವೇನ್ ಹಾಲ್ವಿಕ್. ಈ ಫರ್ನೇಸ್ ಕೂರಿಸಿದ ಕಂಟ್ರಾಕ್ಟರ್.

ಮೇಲೆ ಟಿಕ್ ಎಂದು ಸದ್ದಾಯಿತು. ಇಲ್ಲಿ ಫರ್ನೇಸ್ ಧಗ್ಗೆಂದು ಹೊತ್ತಿಕೊಂಡಿತು. ನನ್ನ ಬೆಲ್ಟಿನಲ್ಲಿದ್ದ ವಿಷಗಾಳಿ ಅಳೆಯುವ ಮೀಟರ್ ಕಿರುಚತೊಡಗಿತು!

ಈ ಗಾಳಿಗೆ ಬಣ್ಣವಿಲ್ಲ. ವಾಸನೆಯಿಲ್ಲ. ಮೊದಲು ತಲೆನೋವು. ಆಮೇಲೆ ನಿದ್ದೆ. ಆಮೇಲೆ... ಆಮೇಲೆ ಏನೂ ಇಲ್ಲ.

ನಾನು ಅಲ್ಲಿಗೆ ಯಾಕೆ ಹೋದೆ ಅಂತೀರಾ? ಹೇಳುತ್ತೇನೆ.

ನಾನು ಓಡೆಲ್ ಪ್ರುಯಿಟ್. ಇಪ್ಪತ್ತೆರಡು ವರ್ಷ ನಗರಸಭೆಯಲ್ಲಿ ಮನೆಗಳ ಇನ್‌ಸ್ಪೆಕ್ಟರ್ ಆಗಿದ್ದೆ. ನೋಡದ ಮನೆಗೆ ಸಹಿ ಹಾಕು ಅಂದರು. ಹಾಕಲಿಲ್ಲ. ಮನೆಗೆ ಕಳಿಸಿದರು. ಈಗ ಬಡವರ ಕೇಸುಗಳನ್ನು ಪುಕ್ಕಟೆ ನಡೆಸುವ ಒಂದು ವಕೀಲರ ಕಚೇರಿಗೆ ತನಿಖೆ ಮಾಡಿಕೊಡುತ್ತೇನೆ.

ನಮ್ಮದು ಓಹಾಯೊದ ಹಳೆಯ ಉಕ್ಕಿನ ಊರು. ಕಾರ್ಖಾನೆ ಹೋಯಿತು, ಜನ ಉಳಿದರು. ಕೇಂದ್ರ ಸರ್ಕಾರದಿಂದ ಪ್ರತಿ ವರ್ಷ ಅನುದಾನ ಬರುತ್ತದೆ. ಬಡವರ ಮನೆಯ ಸೂರು, ನೀರಿನ ಪೈಪು, ಫರ್ನೇಸ್ ಸರಿಮಾಡಿಸಲಿಕ್ಕೆ. ಒಳ್ಳೆಯ ಯೋಜನೆ! ಅದರಿಂದ ಇಡೀ ಬೀದಿಗಳೇ ಬದುಕಿಕೊಂಡದ್ದನ್ನು ನಾನೇ ನೋಡಿದ್ದೇನೆ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಅವತ್ತು ಬೆಳಿಗ್ಗೆ ಅರ್ಲೀನ್ ಸಗ್ಸ್ ಫೋನ್ ಮಾಡಿದ್ದಳು. ವಯಸ್ಸು ಎಪ್ಪತ್ತೆಂಟು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಈ ಊರಿನ ಮಕ್ಕಳಿಗೆ ಬಡಿಸಿದವಳು.

"ಓಡೆಲ್, ಹೊಸ ಫರ್ನೇಸ್ ಹಾಕಿಸಿದಾಗಿಂದ ದಿನಾ ತಲೆ ಸಿಡೀತಿದೆ ಕಣಪ್ಪ. ಬೆಕ್ಕು ಮನೆಯೊಳಗೆ ಕಾಲಿಡಲ್ಲ ಅಂತ ಹಟ ಹಿಡಿದಿದೆ."

"ಅಮ್ಮಾ, ಈಗಲೇ ಎದ್ದು ಪಕ್ಕದ ಮನೆಗೆ ಹೋಗು!"

"ಕಾಫಿ ಕುಡಿದು ಹೋಗ್ತೀನಿ."

"ಕಾಫಿನೂ ಬೇಡ, ಏನೂ ಬೇಡ! ಹೋಗು!"

ದಾರಿಯಲ್ಲಿ ನಗರಸಭೆಗೆ ಹೋಗಿ ಅವಳ ಫೈಲ್ ಕೇಳಿದ್ದೆ. ಅದೇ ನನ್ನ ತಪ್ಪು. ಅಲ್ಲಿಂದ ಯಾರೋ ಹಾಲ್ವಿಕ್‌ಗೆ ಸುದ್ದಿ ಮುಟ್ಟಿಸಿದ್ದರು.

ಈಗ ನೆಲಮಾಳಿಗೆಯಲ್ಲಿ ನನ್ನ ಕಿವಿ ಗುಂಯ್‌ಗುಡುತ್ತಿತ್ತು. ಗ್ಯಾಸ್ ನಿಲ್ಲಿಸುವ ತಿರುಪು ತಿರುಗಿಸಿ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಆದರೂ ಬಂದ ಕೆಲಸ ಮುಗಿಸಿದೆ. ಫರ್ನೇಸಿನ ಮೇಲೆ ಹೊಳೆಯುವ ಹೊಸ ತಗಡು. ತಗಡಿನ ಮೇಲೆ ಈ ವರ್ಷದ ಸ್ಟಿಕ್ಕರ್. ಉಗುರಿನಿಂದ ಕಿತ್ತೆ. ತಗಡು ಎಬ್ಬಿಸಿದೆ. ಒಳಗೆ ತುಕ್ಕು ಹಿಡಿದ ಹಳೆಯ ಫಲಕ: ೧೯೮೮! ಪಕ್ಕದಲ್ಲೇ ಬೆರಳು ತೂರುವಷ್ಟು ದೊಡ್ಡ ಬಿರುಕು.

ಹೊಸ ಫರ್ನೇಸ್ ಇಲ್ಲವೇ ಇಲ್ಲ. ಮುದುಕಿಗೆ ತಗಡು ಹೊದಿಸಿ ಹೋಗಿದ್ದರು.

ಫೋಟೋ ತೆಗೆದೆ.

ಹಿಂದಿನ ಕಾಲದಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದ ಕಬ್ಬಿಣದ ಪುಟ್ಟ ಕಿಂಡಿಯೊಂದು ಗೋಡೆಯ ಮೇಲ್ಭಾಗದಲ್ಲಿತ್ತು. ಬಣ್ಣ ಬಳಿದು ಬಳಿದು ಅಂಟಿಹೋಗಿತ್ತು. ಮರದ ಕಪಾಟು ಹತ್ತಿ, ಬೆಲ್ಟಿಗೆ ಸಿಕ್ಕಿಸಿದ್ದ ಸ್ಪ್ಯಾನರಿನಿಂದ ಬಾರಿಸಿದೆ. ಒಂದು... ಎರಡು... ಕೈ ನನ್ನದಲ್ಲ ಅನ್ನಿಸುತ್ತಿತ್ತು. ಮೂರನೆಯದಕ್ಕೆ ಕಿಂಡಿ ಹಾರಿತು!

ಮೈ ತೂರಿಸಿ ಹೊರಗೆ ಹಿಮದ ಮೇಲೆ ಬಿದ್ದು ವಾಂತಿ ಮಾಡಿಕೊಂಡೆ. ಅಷ್ಟು ರುಚಿಯಾದ ಗಾಳಿ ಹಿಂದೆಂದೂ ಕುಡಿದಿರಲಿಲ್ಲ.

ತಲೆಯೆತ್ತಿದರೆ ಎದುರಿಗೇ ಹಾಲ್ವಿಕ್. ಕೈಯಲ್ಲಿ ಕಬ್ಬಿಣದ ಪೈಪು.

"ಫೋನ್ ಕೊಡು."

"ಬಂದು ತಗೋ."

"ಲೇ, ಆ ಮುದುಕಿಗೆ ಎಪ್ಪತ್ತೆಂಟು! ಸತ್ರೆ ವಯಸ್ಸಾಗಿತ್ತು ಅಂತಾರೆ ಅಷ್ಟೆ. ಯಾರು ಕೇಳ್ತಾರೆ?"

ಕೇಳುವವನು ನಾನೇ! ಸ್ಪ್ಯಾನರ್ ಅವನ ಮೊಣಕಾಲಿಗೆ ಬೀಸಿದೆ. ಅವನು ಕುಕ್ಕರಿಸಿದ. ನಾನು ತೂರಾಡುತ್ತ ಕಾರಿಗೆ ಓಡಿದೆ.

ಹಿಂದೆ ಅವನ ಬಿಳಿ ಟ್ರಕ್ಕು ಗುರುಗುಟ್ಟಿತು. ಫೌಂಡ್ರಿ ಬೀದಿ, ಮುಚ್ಚಿದ ಚರ್ಚು, ರೈಲ್ವೆ ಗೇಟು... ಅವನ ಬಂಪರ್ ನನ್ನ ಕಾರಿನ ಹಿಂಭಾಗಕ್ಕೆ ಗುದ್ದಿತು. ಮತ್ತೊಮ್ಮೆ ಗುದ್ದಿತು! ಗೇಟಿನಾಚೆ ನೆಲ ಕನ್ನಡಿಯಂತೆ ಹೆಪ್ಪುಗಟ್ಟಿರುತ್ತದೆಂದು ಈ ಬೀದಿಯವರಿಗೆಲ್ಲ ಗೊತ್ತು. ಹಾಲ್ವಿಕ್ ಮನೆ ಕೆರೆದಂಡೆಯ ಶ್ರೀಮಂತರ ಬಡಾವಣೆಯಲ್ಲಿ. ನಾನು ನಿಧಾನ ಮಾಡಿದೆ. ಅವನು ಮಾಡಲಿಲ್ಲ. ಟ್ರಕ್ಕು ಬುಗುರಿಯಂತೆ ಸುತ್ತಿ ಕಂಬವನ್ನು ಅಪ್ಪಿಕೊಂಡಿತು.

ನಿಂತು ನೋಡಲು ಪುರುಸೊತ್ತಿರಲಿಲ್ಲ.

ಯಾಕೆಂದರೆ ಹಾಲ್ವಿಕ್ ಫರ್ನೇಸ್ ಕೂರಿಸಿದ್ದು ಅರ್ಲೀನಳ ಮನೆಗೆ ಮಾತ್ರವಲ್ಲ. ನಲವತ್ತೊಂದು ಮನೆಗೆ! ಅಂದು ಸಂಜೆಯಿಂದ ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುತ್ತದೆಂದು ರೇಡಿಯೋ ಹೇಳುತ್ತಿತ್ತು. ನಲವತ್ತೊಂದು ಫರ್ನೇಸೂ ಒಟ್ಟಿಗೇ ಉರಿಯುತ್ತವೆ. ಯಾವ ಮನೆಗಳು? ಆ ಪಟ್ಟಿ ಇದ್ದದ್ದು ನಗರಸಭೆಯಲ್ಲಿ ಮಾತ್ರ.

ಅದೃಷ್ಟಕ್ಕೆ ಅಂದೇ ಮಧ್ಯಾಹ್ನ ಮೂರಕ್ಕೆ ಅಲ್ಲಿ ಸಾರ್ವಜನಿಕ ಸಭೆಯಿತ್ತು. ಅನುದಾನ ಖರ್ಚು ಮಾಡುವ ಮುಂಚೆ ಜನರ ಮಾತು ಕೇಳಬೇಕೆಂಬುದು ಕಾನೂನು. ಒಬ್ಬೊಬ್ಬರಿಗೆ ಮೂರು ನಿಮಿಷ. ಅಧಿಕಾರಿಗಳು ಆಕಳಿಸುತ್ತ ಕೇಳುತ್ತಾರೆ.

ಕಾರು ತಿರುಗಿಸಿ, ಪಕ್ಕದ ಮನೆಯಲ್ಲಿದ್ದ ಅರ್ಲೀನಳನ್ನು ಕರೆದುಕೊಂಡು ಹೋದೆ. ಸಭಾಂಗಣ ತುಂಬಿತ್ತು. ಯೋಜನೆಯ ನಿರ್ದೇಶಕ ವಾರೆನ್ ಟೀಗ್ ವೇದಿಕೆಯ ಮೇಲೆ ನಿಂತಿದ್ದ. ಹಿಂದಿನ ಪರದೆಯಲ್ಲಿ ದೊಡ್ಡಕ್ಷರ: ‘೪೧ ಕುಟುಂಬಗಳು, ೪೧ ಬೆಚ್ಚಗಿನ ಮನೆಗಳು!’ ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಕೊರಿನ್ ವಾಸೆಕ್. ಅವಳಿಗೆ ಕೆಲಸ ಕಲಿಸಿದವನು ನಾನು. ನನ್ನ ಕೋಟಿನ ಮೇಲಿನ ಮಸಿ ನೋಡಿ ಅವಳ ಮುಖ ಬಿಳಚಿಕೊಂಡಿತು.

ಅರ್ಲೀನ್ ಮೈಕಿನ ಮುಂದೆ ನಿಂತಳು.

"ವಾರೆನ್, ನಿನಗೂ ಬಡಿಸಿದೀನಿ ನಾನು. ಬಟಾಣಿ ತಿನ್ನಲ್ಲ ಅಂತ ಅಳ್ತಿದ್ದೆ. ಜ್ಞಾಪಕ ಇದೆಯಾ?"

ಸಭೆ ನಕ್ಕಿತು. ಟೀಗ್ ಕೂಡ ನಕ್ಕ.

"ನಗಬೇಡ. ನನ್ನ ಮನೆಗೆ ವಿಷ ಯಾಕೆ ತುಂಬಿಸಿದೆ?"

ನಗು ನಿಂತಿತು. ನಾನು ಫೋನ್ ಎತ್ತಿ ಫೋಟೋ ತೋರಿಸಿದೆ. "ಹೊಸದು ಅಂತ ಬರೆದಿರೋದು ಇದು! ಎಂಬತ್ತೆಂಟರ ಒಡಕು ಡಬ್ಬ! ಉಳಿದ ನಲವತ್ತು ಮನೆ ವಿಳಾಸ ಓದಿ. ಈಗಲೇ!"

"ಮಿಸ್ಟರ್ ಪ್ರುಯಿಟ್, ವಿಳಾಸ ಖಾಸಗಿ ವಿಚಾರ. ಅರ್ಜಿ ಕೊಡಿ, ಪರಿಶೀಲಿಸ್ತೀವಿ."

"ಅರ್ಜಿ ಯಾರು ಕೊಡ್ತಾರ್ರೀ? ಹೆಣಗಳಾ?"

"ಕೂತ್ಕೊಳ್ಳಿ! ಪೊಲೀಸರನ್ನ ಕರೀಬೇಕಾಗತ್ತೆ!"

"ಕರೀರಿ! ನನ್ನ ಕೆಲಸ ಉಳಿಯತ್ತೆ!"

ಅರ್ಲೀನ್ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಕೊರಿನ್‌ಳನ್ನೇ ನೋಡುತ್ತಿದ್ದಳು.

"ಮಗಳೇ, ಕಾಗದಕ್ಕೆ ಸಹಿ ಹಾಕಿದ್ದು ನೀನಾ?"

"ಹೌದು..."

"ನನ್ನ ನೆಲಮಾಳಿಗೆಗೆ ಇಳಿದಿದ್ಯಾ?"

ಕೊರಿನ್ ಮುಂದಿದ್ದ ಫೈಲಿನ ಮೇಲೆ ಕೈಯಿಟ್ಟಳು. "ಇಲ್ಲಮ್ಮ. ಒಂದು ಮನೆಗೂ ಇಳೀಲಿಲ್ಲ. ಟೀಗ್ ಸರ್ ಕಾಗದ ತಂದಿಟ್ರು. ಹಾಕಿದೆ."

"ಕೊರಿನ್! ಬಾಯಿ ಮುಚ್ಚು!" ಟೀಗ್ ಗದರಿಸಿದ.

"ಇನ್ನೂ ಒಂದು ನಿಮಿಷ ಇದೆ ನಂದು," ಎಂದಳು ಅರ್ಲೀನ್. "ಅದನ್ನ ನಿನಗೆ ಕೊಟ್ಟೆ. ಓದು."

ಕೊರಿನ್ ಎದ್ದು ಫೈಲ್ ತೆರೆದಳು. ಓದತೊಡಗಿದಳು. ಟೀಗ್ ಮೈಕ್ ಆರಿಸಿದ. ಅವಳು ಗಂಟಲು ಹರಿಯುವಂತೆ ಓದಿದಳು. ಬೀದಿ, ನಂಬರು. ಬೀದಿ, ನಂಬರು.

"ಅಯ್ಯೋ, ಅದು ನಮ್ಮಮ್ಮನ ಮನೆ!" ಹಿಂದಿನ ಸಾಲಿನಿಂದ ಒಬ್ಬಳು ಚೀರಿದಳು. ಇನ್ನೊಬ್ಬ ಎದ್ದ. ಮತ್ತೊಬ್ಬ... ಕುರ್ಚಿಗಳು ಉರುಳಿದವು. ಮೂಲೆಯಲ್ಲಿದ್ದ ಅಗ್ನಿಶಾಮಕ ದಳದ ಮುಖ್ಯಸ್ಥ ಆಗಲೇ ಫೋನಿನಲ್ಲಿ ಕೂಗುತ್ತಿದ್ದ. ಅವಳು ನಲವತ್ತೊಂದನೆಯದನ್ನು ಓದುವಾಗ ಸಭಾಂಗಣದಲ್ಲಿ ಅರ್ಧ ಜನರೂ ಇರಲಿಲ್ಲ.

ಕತ್ತಲಾಗುವ ಮೊದಲು ಎಲ್ಲ ಬಾಗಿಲನ್ನೂ ಬಡಿದೆವು. ಇಪ್ಪತ್ತಾರು ಮನೆಗಳಲ್ಲಿ ವಿಷಗಾಳಿ. ಆರು ಜನ ಆಸ್ಪತ್ರೆಗೆ.

ಹನ್ನೊಂದನೆಯ ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ. ಒದ್ದು ಒಳಗೆ ಹೋದೆ. ಲೂಷಿಯಸ್ ಟ್ಯಾಂಡಿ. ನಿವೃತ್ತ ಬಸ್ ಡ್ರೈವರ್. ಕೋಟಿನ ಒಂದು ತೋಳು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಎಲ್ಲಿಗೋ ಹೊರಡಲು ಎದ್ದವನು ಮತ್ತೆ ಕೂತಂತೆ. ಕೈ ತಣ್ಣಗಿತ್ತು... ಮನೆ ಮಾತ್ರ ಬೆಚ್ಚಗಿತ್ತು.

ಫ್ರಿಜ್ಜಿನ ಬಾಗಿಲಿಗೆ ನಗರಸಭೆಯ ಕಾಗದ ಅಂಟಿಸಿದ್ದ. ‘ಅಭಿನಂದನೆಗಳು! ನಿಮ್ಮ ಮನೆ ಈಗ ಸುರಕ್ಷಿತ.’

ನಾನು ಗೋಡೆಗೆ ಗುದ್ದಿದೆ. ಬೆರಳ ಗೆಣ್ಣು ಒಡೆಯಿತು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಹಾಲ್ವಿಕ್‌ನನ್ನು ಆಸ್ಪತ್ರೆಯ ಮಂಚದಲ್ಲೇ ಹಿಡಿದರು. ಟೀಗ್‌ನನ್ನು ವಿಮಾನ ನಿಲ್ದಾಣದಲ್ಲಿ. ಕೊರಿನ್ ತಾನೇ ಠಾಣೆಗೆ ನಡೆದು ಹೋದಳು. ಮೂವರಿಗೂ ಜೈಲಾಯಿತು. ಒಮ್ಮೆ ಅವಳನ್ನು ನೋಡಲು ಹೋಗಿದ್ದೆ. "ಟ್ಯಾಂಡಿಗೆ ಮಕ್ಕಳಿದ್ರಾ ಗುರುಗಳೇ?" ಎಂದು ಕೇಳಿದಳು. "ಇಬ್ಬರು," ಎಂದೆ.

ಆದರೆ ಟೀಗ್‌ಗೂ ಮೇಲೆ ಇಬ್ಬರಿದ್ದರು. ಕೊರಿನ್ ಕೋರ್ಟಿನಲ್ಲಿ ಅವರ ಹೆಸರನ್ನೂ ಹೇಳಿದ್ದಳು. ಅವರಿನ್ನೂ ಅದೇ ಕುರ್ಚಿಗಳಲ್ಲಿ ಕೂತಿದ್ದಾರೆ.

ಈ ಸಲದ ಸಭೆಯ ನೋಟೀಸು ಮೊನ್ನೆ ಬಂತು. ಹೊಸ ನಿಯಮ ಮಾಡಿದ್ದಾರೆ. ಇನ್ನು ಮೇಲೆ ಒಬ್ಬೊಬ್ಬರಿಗೆ ಮೂರಲ್ಲ, ಎರಡೇ ನಿಮಿಷ!

ನಾನು ಕುದಿಯುತ್ತ ಅದನ್ನು ಅರ್ಲೀನಳಿಗೆ ಓದಿ ಹೇಳಿದೆ. ಅವಳು ಕನ್ನಡಕ ಒರೆಸಿಕೊಂಡಳು.

"ಸಾಕು ಬಿಡೋ. ಮೂರು ನಿಮಿಷಕ್ಕೆ ಮೂರು ಜನ ಒಳಗೆ ಹೋದ್ರು. ಈಗ ಉಳಿದಿರೋದು ಇಬ್ಬರೇ ತಾನೆ?"